ಎತ್ತಿಟ್ಟ ಚಳಿ

"ಪಾಕ್ ತುಕಿರಾನ್, ಸೂಪ್ ಆಗಲೇ ಬಡಿಸಿ ಮುಗೀತಲ್ಲ. ಮತ್ತೆ ಇನ್ನೊಂದು ಸೂಪ್ ಯಾಕೆ ತಂದ್ರಿ?"

ಬು ಮುರ್ತಿನಿಂಗ್ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಮದುವೆ ಛತ್ರದ ಹಿಂಬಾಗಿಲಲ್ಲಿ, ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಬಡಿಸುವ ಹುಡುಗರ ಎದುರು, ಪಾತ್ರೆ ತೊಳೆಯುವ ಹೆಂಗಸರ ಎದುರು, ಸೌಟನ್ನು ತಗಡಿನ ಕೊಳಗಕ್ಕೆ ಅದ್ದಿ ಮೇಲೆತ್ತಿ, ಅದರಿಂದ ಸುರಿಯುವ ತೆಂಗಿನ ಹಾಲನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಹೇಳಿದಳು. ಹುಡುಗರು ಗೊಳ್ಳೆಂದರು.

ನಮ್ಮ ಸೋಲೋ ಊರಲ್ಲಿ ದೊಡ್ಡವರನ್ನು ಮರ್ಯಾದೆಯಿಂದ ಪಾಕ್, ಬು ಎಂದೇ ಕರೆಯುತ್ತಾರೆ. ಮದುವೆಯಲ್ಲಿ ಕೂತ ಕುರ್ಚಿಗೇ ಎಲ್ಲ ಬರುತ್ತದೆ. ಮೊದಲು ಚಹಾ, ಆಮೇಲೆ ಸೂಪ್, ಆಮೇಲೆ ಅನ್ನ, ಕಡೆಗೆ ತೆಂಗಿನ ಹಾಲು ಹೆಪ್ಪುಗಟ್ಟಿಸಿದ ಐಸ್. ಐಸ್ ಬಂತೆಂದರೆ ಇನ್ನು ಮನೆಗೆ ಹೊರಡಬಹುದು ಎಂದು ಅರ್ಥ. ಜನ ಬಾಯಲ್ಲಿ ಹೊತ್ತುಕೊಂಡು ಹೋಗುವುದು ಆ ಕಡೆಯ ರುಚಿಯನ್ನೇ. ಊರಿನ ಅರ್ಧದಷ್ಟು ಮದುವೆಗಳ ಅಡುಗೆ ವಹಿಸಿಕೊಳ್ಳುವ ಬು ಮುರ್ತಿನಿಂಗ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ತುಕಿರಾನ್ ಐಸ್ ಮಾಡುವವನು. ಅವನಿಗೆ ಹೇಳುವುದಕ್ಕೆ ಇತ್ತು. ಬೆಳಗಿನಿಂದ ಕೊಳಗ ತಿರುಗಿಸಿ ಐಸನ್ನು ಗಟ್ಟಿ ಮಾಡಿಯೇ ತಂದಿದ್ದ. ಗಂಡಿನ ಕಡೆಯವರು ಒಂದೂವರೆ ಗಂಟೆ ತಡವಾಗಿ ಬಂದರು. ಕೊಳಗದ ಸುತ್ತ ಮರದ ತೊಟ್ಟಿಯಲ್ಲಿ ತುಂಬಲು ತಂದಿದ್ದ ಮಂಜುಗಡ್ಡೆ, ಕಲ್ಲುಪ್ಪು ಎರಡೂ ಮುಗಿದವು. ಅವನು ಸೌಟನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು ಒರೆಸಿ ಇಟ್ಟ.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ತೊಟ್ಟಿ ಹೊರಲು ಅಪ್ಪನ ಜೊತೆ ಬಂದಿದ್ದ ನಾರ್ಸೊಗೆ ಬಾಯಿ ಮುಚ್ಚಿ ಗೊತ್ತಿಲ್ಲ.

"ಗಂಡಿನ ಕಡೆಯೋರು ಅಷ್ಟು ಲೇಟಾಗಿ ಬಂದ್ರಲ್ಲ, ಆಗ ಎಲ್ಲಿ ಹೋಗಿತ್ತು ಬು ನಿಮ್ಮ ಬಾಯಿ? ದೊಡ್ಡೋರ ಮುಂದೆ ಹಲ್ಲು ಕಿರೀತಾ ನಿಂತಿದ್ರಿ. ಬೈಯೋಕೆ ನಮ್ಮಪ್ಪ ಸಿಕ್ಕಿದ್ನಾ?"

"ಯಾರಿದು, ನಿಮ್ಮ ಮಗನಾ ಪಾಕ್?" ಎಂದಳು ಬು ಮುರ್ತಿನಿಂಗ್, ಅವನತ್ತ ನೋಡದೆ. "ಓ, ಕಂಪನಿ ಗಾಡಿ ತುಳಿಯೋನು! ಅಪ್ಪ ಮಾಡಿದ ಐಸ್ ಬಿಟ್ಟು ಬೀದಿ ಬೀದಿ ಫ್ಯಾಕ್ಟರಿ ಐಸ್ ಮಾರ್ತಾನೆ, ಇಲ್ಲಿ ಬಂದು ಅಪ್ಪನ ಮರ್ಯಾದೆ ಕಾಯ್ತಾನೆ. ಹೋಗಪ್ಪಾ. ಇಬ್ಬರೂ ಹೋಗಿ. ಇನ್ನು ಬರೋದು ಬೇಡ."

ಅಲ್ಲೇ ತಟ್ಟೆಗಳ ಅಟ್ಟಿ ಹಿಡಿದು ನಿಂತಿದ್ದ ಅಂಬಾರ್ ನೆಲ ನೋಡಿದಳು. ಅವಳು ತುಕಿರಾನ್‌ನ ಮಗಳು. ಬು ಮುರ್ತಿನಿಂಗ್‌ಳ ಅಡುಗೆಮನೆಯಲ್ಲೇ ಅವಳ ಕೆಲಸ.

ಆ ಸಂಜೆ ಮನೆಯಲ್ಲಿ ಅನ್ನ, ಹುರಿದ ಸೋಯಾ ತೆಂಪೆ, ನಿನ್ನೆಯ ಬದನೆಕಾಯಿ ಗೊಜ್ಜು. ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

"ನಿನ್ನ ಬಾಯಿ ಹೊಲಿಸ್ಕೊಂಡು ಬಂದಿದ್ರೆ ಈ ಸೀಸನ್ ಆದ್ರೂ ಉಳೀತಿತ್ತು," ಎಂದಳು ಅಂಬಾರ್. "ಅಪ್ಪ ಸುಮ್ಮನಿದ್ರಲ್ಲ, ನಿನಗೇನು ಬಂದಿತ್ತು?"

"ಅಪ್ಪ ಸುಮ್ಮನಿದ್ರು ಅಂತಲೇ ನಾನು ಮಾತಾಡಿದ್ದು."

"ನಾಳೆ ನಾನು ಆ ಹೆಂಗಸಿನ ಮುಖ ನೋಡ್ಬೇಕು ಕಣೋ! ಏಳು ವಾರಕ್ಕೆ ನನ್ನ ಮದುವೆ. ಅಡುಗೆ ಅವಳದೇ. ಮಾತಾಗಿದೆ."

"ಬೇರೆಯವರಿಗೆ ಹೇಳು."

"ಕ್ಲಾತೆನ್‌ನಿಂದ ಎರಡು ಬಸ್ಸು ಬೀಗರು ಬರ್ತಾರೆ. ಕುರ್ಚಿ, ತಟ್ಟೆ, ಬಡಿಸೋ ಹುಡುಗರು ಎಲ್ಲ ಇನ್ಯಾರ ಹತ್ರ ಇದೆ? ನಿನ್ನ ಗಾಡೀಲಿ ತರ್ತೀಯಾ?"

ತಾಯಿ ವಾರ್ಸಿನಿ ಮಧ್ಯೆ ನೀರಿನ ಲೋಟ ಇಟ್ಟಳು. "ಅಡುಗೆ ಅವಳೇ ಮಾಡ್ಲಿ. ಐಸ್ ಒಂದನ್ನ ಅಂಗಡಿಯಿಂದ ಕಪ್ ತರಿಸಿದ್ರಾಯ್ತು."

ಬಾಗಿಲ ಬಳಿ ಚಾಪೆಯಲ್ಲಿ ಕೂತು ಎಲೆ ಅಗಿಯುತ್ತಿದ್ದ ಅಜ್ಜಿ ಸೈನೆಮ್ ಬಾಯಲ್ಲಿದ್ದುದನ್ನು ಉಗುಳಿಯೇ ಮಾತಾಡಿದಳು. "ಕಪ್ಪಾ? ಈ ಮನೆ ಹೆಣ್ಣಿನ ಮದುವೇಲಿ ಕಾಗದದ ಕಪ್ಪಾ? ನನ್ನ ಗಂಡ ಕೊಳಗ ತಿರುಗಿಸಿ ತಿರುಗಿಸಿ ಹೆಗಲು ಜಾರಿಸ್ಕೊಂಡು ಸತ್ತ. ಅವನ ಮೊಮ್ಮಗಳ ಮದುವೆಗೆ ಬಂದೋರು ಕಾಗದ ನೆಕ್ಕಿ ಹೋಗ್ಬೇಕಾ?"

"ಅತ್ತೆ, ಯಾರು ತಿರುಗಿಸ್ತಾರೆ ಹೇಳಿ."

ಎಲ್ಲರೂ ತುಕಿರಾನ್‌ನ ಕಡೆ ನೋಡಿದರು. ಅವನು ತೆಂಪೆಯ ಕಡೆಯ ಚೂರನ್ನು ಖಾರದ ಚಟ್ನಿ ಸಾಂಬಲ್‌ಗೆ ಒತ್ತಿ ತಿಂದ.

"ಮಗಳ ಮದುವೇಲಿ ಅಪ್ಪ ಮಂಟಪದಿಂದ ಇಳಿಯೋ ಹಾಗಿಲ್ಲ," ಎಂದ. "ಐಸ್ ಕೊಳಗ ಬಿಟ್ಟು ಕದಲೋ ಹಾಗಿಲ್ಲ. ಬಡಿಸೋ ಕ್ಷಣದವರೆಗೂ ತಿರುಗಿಸ್ತಾ, ಗಡ್ಡೆ ಹಾಕ್ತಾ, ಉಪ್ಪು ಹಾಕ್ತಾ ಇರ್ಬೇಕು. ನಾನು ಇರೋದು ಒಬ್ಬ."

"ನಾನು ನೋಡ್ಕೋತೀನಿ," ಎಂದ ನಾರ್ಸೊ.

"ನೀನು ತಿರುಗಿಸಿದ್ರೆ ಮರಳಾಗುತ್ತೆ. ಒಂದು ಸಲ ನೋಡಿದ್ದೀನಿ." ತುಕಿರಾನ್ ಎದ್ದು ಕೈ ತೊಳೆದ. "ಕಪ್ಪೇ ತರಿಸಿ. ನಿನ್ನ ಕಂಪನಿ ಇದೆಯಲ್ಲ."

ಮಾರನೆಯ ಬೆಳಿಗ್ಗೆ ಮರದ ತೊಟ್ಟಿ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅದರ ಮೇಲೆ ಕೋಳಿ ಕೂತಿತ್ತು. ತುಕಿರಾನ್ ನೆರೆಮನೆಯ ಗೋಡೆಗೆ ಸುಣ್ಣ ಬಳಿಯಲು ಹೋಗಿದ್ದ.

ನಾರ್ಸೊ ಹೈಸ್ಕೂಲಿನ ಅರ್ಧದಲ್ಲೇ ಮೇಷ್ಟರ ಜೊತೆ ಜಗಳವಾಡಿ ಹೊರಬಿದ್ದವನು. ಒಂದು ವರ್ಷದಿಂದ ಐಸ್ ಕಂಪನಿಯ ಮೂರು ಚಕ್ರದ ಗಾಡಿ ತುಳಿಯುತ್ತಿದ್ದ. ಬೆಳಿಗ್ಗೆ ಡಿಪೋದಲ್ಲಿ ಗಾಡಿಯ ಪೆಟ್ಟಿಗೆಯ ಎರಡು ಬದಿಗೂ ಬೂದು ಬಣ್ಣದ ಚಪ್ಪಟೆ ಪ್ಲಾಸ್ಟಿಕ್ ಹಲಗೆಗಳನ್ನು ಸಿಕ್ಕಿಸುತ್ತಾರೆ, ನಡುವೆ ಐಸ್ ಕಡ್ಡಿಗಳನ್ನು ಜೋಡಿಸುತ್ತಾರೆ, ಸಂಜೆ ಹಲಗೆ ವಾಪಸ್ ಇಸಿದುಕೊಳ್ಳುತ್ತಾರೆ. ಒಂದು ವರ್ಷ ಆ ಹಲಗೆಗಳನ್ನು ಮಂಡಿಯ ಮುಂದಿಟ್ಟುಕೊಂಡೇ ಅವನು ಊರೆಲ್ಲ ಸುತ್ತಿದ್ದ. ಒಮ್ಮೆಯೂ ನೋಡಿರಲಿಲ್ಲ.

ಅವತ್ತು ನೋಡಿದ. ಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಸ್ಟೇಷನ್ನಿನ ಹಿಂದೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ಹಲಗೆಯ ಮೇಲೆ ಅಂಗೈ ಇಟ್ಟ. ಕೈ ಅಂಟಿಕೊಂಡಿತು. ಎಳೆದಾಗ ಚರ್ಮ ಚುರ್ ಎಂದಿತು. ಅಪ್ಪನ ತೊಟ್ಟಿಯಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಸಲ ನೀರು ಚೆಲ್ಲಿ ಮೂರು ಸಲ ಗಡ್ಡೆ ತುಂಬಬೇಕಿತ್ತು. ಇಲ್ಲಿ ಒಂದು ಹನಿ ಇಲ್ಲ. ಹಲಗೆಯನ್ನು ಅಲುಗಿಸಿದ. ಒಳಗೆಲ್ಲೋ ಗುಳುಗುಳು ಸದ್ದು. ಕರಗುತ್ತಿತ್ತು. ಕರಗುತ್ತಿದ್ದರೂ ಕಚ್ಚುತ್ತಿತ್ತು.

ಸಂಜೆ ಡಿಪೋ ನೋಡಿಕೊಳ್ಳುವ ಕಾಸ್ನೊನನ್ನು ಹಿಡಿದ. "ಇದರೊಳಗೆ ಏನಿದೆ?"

"ಉಪ್ಪುನೀರು. ಇನ್ನೇನು ಇರ್ತದೆ?"

"ಬರೀ ಉಪ್ಪುನೀರಾ?"

"ಅಳತೆ ಇಟ್ಟು ಕಲಸಿದ ಉಪ್ಪುನೀರು. ನಮ್ಮ ದೊಡ್ಡ ಫ್ರೀಜರಿನಲ್ಲಿ ಇಡೀ ರಾತ್ರಿ ಹೆಪ್ಪುಗಟ್ಟಿಸ್ತೀವಿ. ಹಗಲು ಅದು ಕರಗುತ್ತೆ. ಪೂರ್ತಿ ಕರಗೋವರೆಗೂ ಇದ್ದ ಚಳೀಲೇ ಇರುತ್ತೆ, ಏರಲ್ಲ. ಬಿಸಿಲನ್ನೆಲ್ಲ ಕರಗೋದಕ್ಕೇ ಖರ್ಚು ಮಾಡ್ಕೊಳ್ಳುತ್ತೆ." ಕಾಸ್ನೊ ಪೆಟ್ಟಿಗೆಯೊಳಗೆ ಚಳಿ ಅಳೆಯುವ ಮುಳ್ಳಿನ ಗಡಿಯಾರದಂಥದ್ದನ್ನು ತೋರಿಸಿದ. ಸೊನ್ನೆಯ ಕೆಳಗೆ ಇಪ್ಪತ್ತರ ಗೆರೆ ದಾಟಿ ಮುಳ್ಳು ನಿಂತಿತ್ತು. "ಬೆಳಿಗ್ಗೆಯೂ ಅಲ್ಲೇ ಇತ್ತು."

ನಾರ್ಸೊ ಮುಳ್ಳನ್ನೇ ನೋಡಿದ. ಅವನಿಗೆ ಜಗತ್ತಿನಲ್ಲಿ ಯಾರ ಮೇಲೂ, ಯಾವುದರ ಮೇಲೂ ಗೌರವ ಹುಟ್ಟಿದ್ದು ಕಡಿಮೆ. ಮೇಷ್ಟರು ಪಾಠ ಓದಿ ಹೇಳಿದ್ದರೇ ಹೊರತು ಇಂಥದ್ದನ್ನು ಕೈಗೆ ಕೊಟ್ಟಿರಲಿಲ್ಲ. ದಿನವಿಡೀ ಬಿಸಿಲು ಕುಡಿದು, ಒಂದು ಗೆರೆಯೂ ಮೇಲೇರದೆ ಕೂತ ನೀರು! ಅಪ್ಪ ತಿರುಗಿಸುವ ತೊಟ್ಟಿಯಲ್ಲೂ ಅದೇ ಉಪ್ಪು, ಅದೇ ನೀರು. ಅಲ್ಲಿ ಆಗಿಂದಾಗ ಖರ್ಚಾಗಿ ಚರಂಡಿಗೆ ಹೋಗುವ ಚಳಿ ಇಲ್ಲಿ ಎತ್ತಿಟ್ಟಲ್ಲೇ ಇತ್ತು.

ಸೀಳು ಬಿಟ್ಟು ಮೂಲೆಗೆ ಎಸೆದಿದ್ದ ಹಲಗೆಗಳನ್ನು ಕಾಸ್ನೊ ಅವನಿಗೆ ಕೊಟ್ಟ. ನಾರ್ಸೊ ಸೀಳಿಗೆ ಅಂಟು ಹಚ್ಚಿ, ಡಿಪೋದಲ್ಲೇ ಹೆಪ್ಪುಗಟ್ಟಿಸಿ, ಮೀನುಗಾರರ ಹಳೆಯ ಥರ್ಮೊಕೋಲ್ ಪೆಟ್ಟಿಗೆಯೊಂದರಲ್ಲಿಟ್ಟು ಮನೆಗೆ ತಂದ. ಅಜ್ಜಿ ಮುಟ್ಟಿ ನೋಡಿ ಕೈ ಹಿಂದೆಳೆದಳು.

"ಅಯ್ಯೋ, ಬೆಂಕಿ!"

"ಚಳಿ, ಅಜ್ಜಿ."

"ನೀರೆಲ್ಲಿ?"

"ಒಳಗೇ ಇದೆ."

"ಒಳಗೇ ಕರಗಿ, ನಾಳೆ ಮತ್ತೆ ಒಳಗೇ ಗಟ್ಟಿ ಆಗುತ್ತಾ? ಅದನ್ನೇನಾ?" ಅಜ್ಜಿ ಮುಚ್ಚಳ ಮುಚ್ಚಿ, ಮತ್ತೆ ತೆರೆದಳು. "ನಿನ್ನ ತಾತ ಉಪ್ಪು ಹೊತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಎಲ್ಲ ಬೀದಿಗೆ ಚೆಲ್ಲಿ ಬರ್ತಿದ್ದ. ಇದು ಸುಮ್ಮನೆ ಕೂತಿದೆಯಲ್ಲೋ."

ತುಕಿರಾನ್ ಸುಣ್ಣದ ಕೈ ತೊಳೆಯುತ್ತಾ ಹಿತ್ತಲಿನಿಂದಲೇ ಹೇಳಿದ, "ಕಂಪನಿ ಸಾಮಾನು ಕಂಪನಿಗೇ ವಾಪಸ್ ಕೊಟ್ಟು ಬಾ."

ಎರಡು ವಾರಕ್ಕೆ, ಬೀದಿಯ ಕಡೆಯ ಮನೆಯ ಪಾಕ್ ಜಾರ್ವೊನ ಮೊಮ್ಮಗನ ಸುನ್ನತಿ ಊಟ. ಐಸ್ ತಾನೇ ಕೊಡುತ್ತೇನೆ ಎಂದು ನಾರ್ಸೊ ಅಪ್ಪನಿಗೆ ಹೇಳದೆ ಒಪ್ಪಿಕೊಂಡ. ಹಿಂದಿನ ದಿನ ಅಪ್ಪ ಕೆಲಸಕ್ಕೆ ಹೋದ ಮೇಲೆ ಅಜ್ಜಿ ಬೋರಲು ಬಿದ್ದ ತೊಟ್ಟಿಯನ್ನು ತಿರುವಿ ಹಾಕಿಸಿದಳು. ತೆಂಗಿನ ಹಾಲು, ಸಕ್ಕರೆ, ಘಮಕ್ಕೆ ಪಾಂಡನ್ ಎಲೆ. ಅಜ್ಜಿ ನಾಲ್ಕು ಸುತ್ತು ತಿರುಗಿಸಿ ಬೈಯುವಳು, ನಾರ್ಸೊ ನಲವತ್ತು ಸುತ್ತು ತಿರುಗಿಸಿ ಬೈಸಿಕೊಳ್ಳುವನು. ಈ ಸಲ ಮರಳಾಗಲಿಲ್ಲ. ಡಿಪೋದಿಂದ ಹೆಪ್ಪುಗಟ್ಟಿದ ಹಲಗೆ ತಂದು, ಕೊಳಗವನ್ನು ಅವುಗಳ ನಡುವೆ ಇಟ್ಟು, ಪೆಟ್ಟಿಗೆ ಮುಚ್ಚಿದರು.

ಮರುದಿನ ಊಟವಾಯಿತು. ಸೂಪ್ ಬಂತು, ಅನ್ನ ಬಂತು. ನಾರ್ಸೊ ಎದೆಯುಬ್ಬಿಸಿ ಮುಚ್ಚಳ ತೆಗೆದ. ಚಮಚ ಇಳಿಯಲಿಲ್ಲ.

ಒತ್ತಿದ. ಚಮಚ ಬಾಗಿತು. ಸೌಟಿನಲ್ಲಿ ಕುಟ್ಟಿದ. ಕೊಳಗದಿಂದ ಗಂಟೆ ಬಾರಿಸಿದಂಥ ಸದ್ದು ಬಂತು. ಐಸ್ ಕಲ್ಲಾಗಿತ್ತು.

ಚಪ್ಪರದಡಿ ನೂರು ಜನ ಕುರ್ಚಿಯಲ್ಲಿ ಕೂತಿದ್ದರು. ಐಸ್ ಬರದೆ ಎದ್ದು ಹೋಗುವುದು ಮನೆಯವರಿಗೆ ಅವಮಾನ. ಹಾಗಾಗಿ ಯಾರೂ ಏಳಲಿಲ್ಲ. ಮಕ್ಕಳು ಅಳತೊಡಗಿದರು. ಮುದುಕರು ಪ್ರಾರ್ಥನೆಯ ಹೊತ್ತಾಯಿತೆಂದು ಬಾಗಿಲ ಕಡೆ ನೋಡಿದರು, ಆದರೆ ಏಳಲಿಲ್ಲ. ಹಾಡುವವಳು ಹಾಡಿದ್ದನ್ನೇ ಎರಡನೆಯ ಸಲ ಹಾಡಿದಳು.

"ಜಾರ್ವೊ, ನಮ್ಮನ್ನ ರಾತ್ರಿ ಊಟಕ್ಕೂ ಇಟ್ಕೊಂಡ್ಯಾ?" ಎಂದು ಯಾರೋ ಕೂಗಿದರು.

"ಕೊಡಲಿ ತರಿಸಿ ಮಾರಾಯ್ರೆ!"

"ಮೊನ್ನೆ ನೀರು, ಇವತ್ತು ಕಲ್ಲು. ಈ ಮನೆಯೋರಿಗೆ ಮಧ್ಯದ್ದು ಗೊತ್ತೇ ಇಲ್ಲ!"

ನಾರ್ಸೊನ ಕಿವಿ ಕೆಂಪಾಯಿತು. ಹಿಂತಿರುಗಿ ಬೈಯಲು ಯಾರೆಂದು ಹುಡುಕುವಷ್ಟರಲ್ಲಿ ಒಂದು ಕೈ ಅವನನ್ನು ಪಕ್ಕಕ್ಕೆ ಸರಿಸಿತು. ಅತಿಥಿಯಾಗಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ತುಕಿರಾನ್ ಎದ್ದು ಬಂದಿದ್ದ. ಕೊಳಗವನ್ನು ಪೆಟ್ಟಿಗೆಯಿಂದ ಎತ್ತಿ, ಒಳ್ಳೆಯ ಬಾತಿಕ್ ಅಂಗಿಯಲ್ಲೇ ಅದನ್ನು ತಬ್ಬಿ ನೆಲಕ್ಕೆ ಕೂತು, ಬಿಸಿನೀರು ಕೇಳಿ, ಬಟ್ಟೆ ಅದ್ದಿ ಸುತ್ತ ಉಜ್ಜಿದ. ಅಂಚು ಬಿಟ್ಟಷ್ಟು ಬಿಟ್ಟಷ್ಟನ್ನೇ ಕೆರೆದು ಕೆರೆದು ತಟ್ಟೆಗೆ ಹಾಕಿದ. ನೂರು ಜನ ಮನೆಗೆ ಹೋಗುವಷ್ಟರಲ್ಲಿ ಅವನ ಅಂಗಿಯ ಮುಂಭಾಗ ಪೂರ್ತಿ ಒದ್ದೆ.

ಮನೆಗೆ ಬರುವ ದಾರಿಯಲ್ಲಿ ಅವನು ಬೈಯಲಿಲ್ಲ. ಬೈದಿದ್ದರೆ ನಾರ್ಸೊಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. ಮನೆ ಬಾಗಿಲಲ್ಲಿ ಚಪ್ಪಲಿ ಕಳಚುತ್ತಾ ಹೇಳಿದ್ದು ಇಷ್ಟೇ:

"ನಿನ್ನೆ ಮಾಡಿದ್ದಾ ಅದು?"

"ಹೂಂ. ನಿನ್ನೆ ಮಧ್ಯಾಹ್ನ."

"ನಿನ್ನೆ ಮಧ್ಯಾಹ್ನದ್ದು ಇವತ್ತು ಇಷ್ಟೊತ್ತಿಗೆ ಕಲ್ಲಾಗಿ ಕೂತಿತ್ತು." ತುಕಿರಾನ್ ತನ್ನ ಕೆಂಪಾದ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಚಳಿ ಜಾಸ್ತಿ ಆಯ್ತು. ಅರ್ಧ ಸಾಕಿತ್ತು. ಅರ್ಧ ಚಳಿ ಎತ್ತಿಡೋಕೆ ಬರುತ್ತಾ ನಿನಗೆ?"

ನಾರ್ಸೊಗೆ ಬರುತ್ತಿರಲಿಲ್ಲ. ಬರುತ್ತೆ ಎಂದ.

ವಾರ್ಸಿನಿಯ ತಮ್ಮ ಕೋಳಿ ಅಂಗಡಿ ಮುಚ್ಚಿದ್ದ. ಅವನ ಹಳೆಯ ಪೆಟ್ಟಿಗೆ ಫ್ರೀಜರ್ ಎರವಲು ಬಂತು. ಮುಚ್ಚಳದ ರಬ್ಬರು ಹರಿದಿತ್ತು, ಒಳಗೆ ಇನ್ನೂ ಪುಕ್ಕವಿತ್ತು. ಬಂದ ದಿನವೇ ಮನೆ ಕತ್ತಲಾಯಿತು. ನಮ್ಮ ಬೀದಿಯ ಮನೆಗಳ ಮೀಟರು ಒಂಬೈನೂರು ವಾಟ್‌ಗಿಂತ ಹೆಚ್ಚು ಹೊರುವುದಿಲ್ಲ. ಫ್ರೀಜರ್ ಗುರ್ ಎಂದರೆ, ಅದೇ ಹೊತ್ತಿಗೆ ವಾರ್ಸಿನಿಯ ಅನ್ನದ ಕುಕ್ಕರ್ ಕೆಂಪು ದೀಪ ಹಚ್ಚಿದರೆ, ಅಂಬಾರ್ ಇಸ್ತ್ರಿಪೆಟ್ಟಿಗೆ ಚುಚ್ಚಿದರೆ, ಮೀಟರಿನ ಗುಂಡಿ ಟಪ್ಪೆಂದು ಬೀಳುತ್ತದೆ.

"ಯಾರು ಇಸ್ತ್ರಿ ಹಾಕಿದ್ದು?"

"ಯಾರು ಫ್ರೀಜರ್ ತಂದಿದ್ದು ಅಂತ ಕೇಳು!"

"ಅನ್ನ ಅರ್ಧ ಬೆಂದಿದೆ. ತಿನ್ನಿ ಎಲ್ಲರೂ. ಉಪ್ಪುನೀರಿಗೆ ಊಟ ಹಾಕ್ತಾನಂತೆ, ಮನುಷ್ಯರಿಗೆ ಬೇಡ."

ಒಂದು ವಾರ ಅರ್ಧ ಬೆಂದ ಅನ್ನ ತಿಂದ ಮೇಲೆ ವಾರ್ಸಿನಿ ಕಾನೂನು ಮಾಡಿದಳು. ಹಗಲು ಮನೆ ಅವಳದು. ಎಲ್ಲರೂ ಮಲಗಿದ ಮೇಲೆ ಕರೆಂಟು ಫ್ರೀಜರಿನದು. ಬೆಳಿಗ್ಗೆ ಅಕ್ಕಿ ತೊಳೆಯುವ ಹೊತ್ತಿಗೆ ಅದನ್ನು ಆರಿಸಬೇಕು. ನಾರ್ಸೊ ತಕರಾರು ಮಾಡಲಿಲ್ಲ. ರಾತ್ರಿಯ ಚಳಿಯನ್ನು ಹಗಲಿಗೆ ಎತ್ತಿಡುವುದೇ ತಾನೆ ಇಡೀ ಕೆಲಸ!

ಆದರೆ ಹಳೆಯ ಫ್ರೀಜರಿಗೆ ಡಿಪೋದ ಉಪ್ಪುನೀರನ್ನು ಹೆಪ್ಪುಗಟ್ಟಿಸುವ ತಾಕತ್ತಿರಲಿಲ್ಲ. ನಾರ್ಸೊ ಹಲಗೆಯ ಬಿರಡೆ ತೆಗೆದು ಉಪ್ಪುನೀರು ಸುರಿದು, ತೆಳು ಮಾಡಿ ಮತ್ತೆ ತುಂಬಿದ. ಅದು ಹೆಪ್ಪುಗಟ್ಟಿತು, ಆದರೆ ನಿಲ್ಲಲಿಲ್ಲ. ಕಾಸ್ನೊನಿಂದ ಕೇಳಿ ತಂದ ಮುಳ್ಳು ಬೆಳಿಗ್ಗೆಯಿಂದಲೇ ಗೆರೆ ಗೆರೆ ಮೇಲೇರಿತು. ಬರೀ ನೀರು ತುಂಬಿದ. ಅದು ಸೊನ್ನೆಯಲ್ಲಿ ಕದಲದೆ ನಿಂತಿತು, ಆದರೆ ಸೊನ್ನೆಯಲ್ಲಿ ಐಸ್ ಪಾಯಸ. ಸಕ್ಕರೆ ಹಾಕಿದ. ಅಡುಗೆ ಸೋಡಾ ಹಾಕಿದ. ಅಂಚಿನವರೆಗೂ ತುಂಬಿದ್ದ ಒಂದು ಹಲಗೆ ರಾತ್ರಿ ಉಬ್ಬಿ ಸಿಡಿದು ಫ್ರೀಜರಿನ ಒಳಗೆಲ್ಲ ಅಂಟಾಯಿತು. ಅಮ್ಮನ ಅಜಿನೊಮೊಟೊ ಪೊಟ್ಟಣವೂ ಖಾಲಿಯಾದ ದಿನ ಮನೆಯಲ್ಲಿ ಯುದ್ಧ.

"ಮದುವೆಗೆ ಮೂರು ವಾರ ಇಲ್ಲ," ಅಂಬಾರ್ ಅತ್ತೇಬಿಟ್ಟಳು. "ಬು ಮುರ್ತಿ ದಿನಾ ಕೇಳ್ತಾಳೆ, ಐಸ್ ಯಾರದು, ಐಸ್ ಯಾರದು ಅಂತ. ನಾನೇನು ಹೇಳ್ಲಿ? ನನ್ನ ತಮ್ಮ ಇಸ್ಪೀಟು ಆಡ್ದಂಗೆ ನೀರಲ್ಲಿ ಆಡ್ತಿದ್ದಾನೆ ಅಂತಲಾ?"

"ಅಪ್ಪನ ಐಸ್ ಅಂತ ಹೇಳು."

"ಅಪ್ಪ ಹೂಂ ಅಂದಿಲ್ಲ!"

"ಇನ್ನೇನು ಉಳಿದಿದೆ ಮನೇಲಿ ಹಾಕೋಕೆ?" ಅಜ್ಜಿ ಚಾಪೆಯಿಂದ ಸಿಡುಕಿದಳು. "ಖಾರದ ಪುಡಿ ಉಳಿದಿದೆ. ಸೀಗಡಿ ಪೇಸ್ಟ್ ಉಳಿದಿದೆ. ಮೆಟ್ಟಿಲ ಕೆಳಗೆ ನಿನ್ನ ಮಾವನ ಗದ್ದೆ ಗೊಬ್ಬರ ಇದೆ ನೋಡು, ಅದನ್ನೂ ಹಾಕ್ಬಿಡು. ಪೈರು ಬರ್ಲಿ ಹಲಗೇಲಿ!"

ನಾರ್ಸೊ ಅವಳ ಮುಖ ನೋಡಿದ. ಆಮೇಲೆ ಮೆಟ್ಟಿಲ ಕೆಳಗೆ ಬಗ್ಗಿದ. ಪೊಟ್ಯಾಷ್ ಗೊಬ್ಬರದ ಚೀಲ, ಕೆಂಪು ಹರಳು. ನೋಡಲು ಉಪ್ಪಿನ ಹಾಗೇ ಇತ್ತು.

"ತಮಾಷೆಗೆ ಅಂದೆ ಕಣೋ! ತಿನ್ನೋ ಪದಾರ್ಥದ ಪಕ್ಕ ಗೊಬ್ಬರಾನಾ?"

"ಬಿರಡೆ ಹಾಕಿದ ಹಲಗೆ ಒಳಗೆ ಇರುತ್ತೆ, ಅಜ್ಜಿ. ಹೊರಗೆ ತೊಳೀತೀನಿ."

ಮೊದಲ ರಾತ್ರಿ ಹರಳು ಹೆಚ್ಚಾಗಿ ತಳದಲ್ಲಿ ಕೂತಿತು. ಎರಡನೆಯ ಸಲ ಕಡಿಮೆಯಾಯಿತು. ನಾಲ್ಕು ಪಾಲು ನೀರಿಗೆ ಒಂದು ಪಾಲು ಹರಳು ಹಾಕಿದ ದಿನ ಬೆಳಿಗ್ಗೆ ಹಲಗೆಗಳು ಕಲ್ಲಾಗಿದ್ದವು. ಪೆಟ್ಟಿಗೆಯಲ್ಲಿ ಜೋಡಿಸಿ, ಮುಳ್ಳಿಟ್ಟು, ಬೇಕೆಂದೇ ಅಂಗಳದ ಬಿಸಿಲಿನಲ್ಲಿಟ್ಟ. ಗಾಡಿ ತುಳಿಯಲು ಹೋಗಲಿಲ್ಲ.

ಮುಳ್ಳು ಸೊನ್ನೆಯ ಕೆಳಗೆ ಹತ್ತರ ಗೆರೆಯನ್ನು ಸ್ವಲ್ಪ ದಾಟಿ ನಿಂತಿತು. ಅಮ್ಮ ಅನ್ನ ಮಾಡಿದಳು, ಅದು ಅಲ್ಲೇ. ಮಧ್ಯಾಹ್ನ ಕೋಳಿಗಳು ನೆರಳು ಸೇರಿದವು, ಅದು ಅಲ್ಲೇ. ಬೇಡವೆಂದರೂ ಅಜ್ಜಿ ಮಣೆ ಹಾಕಿಕೊಂಡು ಪೆಟ್ಟಿಗೆಯ ಪಕ್ಕ ಕೂತಳು. ಆಗಾಗ ಮುಚ್ಚಳ ಎತ್ತಿ ಕೈ ಒಳಗೆ ಹಾಕಿ ಹಲಗೆ ಅಲುಗಿಸುವಳು.

"ಕರಗ್ತಾ ಇದೆ."

"ಹೂಂ."

"ಮುಳ್ಳು?"

"ಅಲ್ಲೇ."

"ಏನಿದು, ದೇವರೇ!" ಅಜ್ಜಿ ತಗ್ಗಿದ ದನಿಯಲ್ಲಿ, ಮಲಗಿದ ಕೂಸಿನ ಪಕ್ಕ ಮಾತಾಡಿದಂತೆ ಹೇಳಿದಳು. ಅಷ್ಟು ಹೊತ್ತಿಗೆ ವಾರ್ಸಿನಿಯೂ ಬಟ್ಟೆಗೆ ಕೈ ಒರೆಸುತ್ತಾ ಬಂದು ನಿಂತಿದ್ದಳು. ಅಂಬಾರ್ ಇಸ್ತ್ರಿ ಬಿಟ್ಟು ಬಂದಳು. ಯಾರೂ ಬೈಯಲಿಲ್ಲ. ಸುಡು ಬಿಸಿಲಿನಲ್ಲಿ ನಾಲ್ಕು ಜನ ಒಂದು ಮೀನಿನ ಪೆಟ್ಟಿಗೆಯ ಸುತ್ತ ನಿಂತು, ಕದಲದ ಮುಳ್ಳೊಂದನ್ನು ನೋಡುತ್ತಿದ್ದರು. ಬೇಲಿಯಾಚೆ ಹೋಗುತ್ತಿದ್ದ ಪಾಕ್ ಜಾರ್ವೊ ಯಾರೋ ಸತ್ತಿದ್ದಾರೆಂದು ಟೊಪ್ಪಿಗೆ ತೆಗೆದ.

ಸಂಜೆ ತುಕಿರಾನ್ ಬಂದ. ಏನನ್ನೂ ಕೇಳದೆ ಪೆಟ್ಟಿಗೆಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಒಳಗೆ ಅಜ್ಜಿ ಹಿಂದಿನ ದಿನ ತಿರುಗಿಸಿ ಇಟ್ಟಿದ್ದ ಚಿಕ್ಕ ಡಬ್ಬದ ಐಸಿಗೆ ಚಮಚ ಹಾಕಿದ. ಚಮಚ ಸ್ವಲ್ಪ ತಡೆದು ಆಮೇಲೆ ಇಳಿಯಿತು. ಮೇಲೆ ಬಂದಾಗ ಐಸ್ ಅದರಲ್ಲಿ ಮಡಚಿ ಕೂತಿತ್ತು. ಅವನು ತಿಂದ. ಕಣ್ಣು ಮುಚ್ಚಿದ. ಮತ್ತೆ ಮುಳ್ಳು ನೋಡಿದ.

"ಬೆಳಿಗ್ಗೆಯಿಂದ ಇಲ್ಲೇ ಇದೆಯಾ?"

"ಬೆಳಿಗ್ಗೆಯಿಂದ."

"ಯಾರೂ ಗಡ್ಡೆ ಹಾಕಿಲ್ಲ?"

"ಒಂದು ಚೂರೂ ಹಾಕಿಲ್ಲ."

ತುಕಿರಾನ್ ಹಲಗೆಯ ಮೇಲೆ ಕೈಯಿಟ್ಟ. "ನಾನು ಇಲ್ಲದೇನೂ ನಿಲ್ಲುತ್ತೆ," ಎಂದ. ದನಿಯಲ್ಲಿ ಬೇಸರವೂ ಇತ್ತು, ಇನ್ನೇನೋ ಇತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿದ. "ತೆಂಗಿನಕಾಯಿಗೆ ಹೇಳಿಡು. ಮದುವೆ ಹಿಂದಿನ ದಿನ ನಾನು ತಿರುಗಿಸ್ತೀನಿ. ಇವನು ಕೈ ಹಾಕೋದು ಬೇಡ."

"ನಾನು ಮೊನ್ನೆ ಮಾಡಿದ್ದು ಮರಳಾಗಿರಲಿಲ್ಲ!" ಎಂದು ನಾರ್ಸೊ ಕೂಗಿದ.

"ಕಲ್ಲಾಗಿತ್ತು. ರುಚಿ ನೋಡಿದೋರು ಯಾರು?"

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮದುವೆಯ ದಿನ ತುಕಿರಾನ್ ಕಪ್ಪು ಬೆಸ್ಕಾಪ್ ಕೋಟು ತೊಟ್ಟ, ತಲೆಗೆ ಬಾತಿಕ್ ಪೇಟ, ಬೆನ್ನ ಹಿಂದೆ ಬಾಡಿಗೆಗೆ ತಂದ ಕ್ರಿಸ್ ಕಠಾರಿ. ಹಿಂದಿನ ದಿನವೆಲ್ಲ ತಿರುಗಿಸಿ ಊದಿದ್ದ ಬಲಗೈ ತೋಳಿನೊಳಗೆ ಹೋಗಲಿಲ್ಲ, ವಾರ್ಸಿನಿ ಹೊಲಿಗೆ ಬಿಚ್ಚಿದಳು. ಬೆಳಿಗ್ಗೆ ಛತ್ರದ ಹಿಂಬಾಗಿಲಿಗೆ ಪೆಟ್ಟಿಗೆಗಳು ಇಳಿದಾಗ ಅವನೂ ಬಂದು, ಒಂದು ಕೊಳಗದ ಮುಚ್ಚಳಕ್ಕೆ ಕೈಯಿಟ್ಟು ನಿಂತುಬಿಟ್ಟ.

"ಹೋಗಿ ಅಪ್ಪ," ಎಂದ ನಾರ್ಸೊ. "ಮಂಟಪ ಹತ್ತಿ."

"ಮಧ್ಯೆ ಒಂದು ಸಲ ಬಂದು..."

"ಬರೋ ಹಾಗಿಲ್ಲ. ನೀವೇ ಹೇಳಿದ್ದು."

ತುಕಿರಾನ್ ಹೋದ. ಅಜ್ಜಿ ಮಾತ್ರ ಬೀಗರ ಸಾಲಿನಲ್ಲಿ ಕೂರಲು ಒಪ್ಪಲಿಲ್ಲ. ರೇಷ್ಮೆಯ ಕೆಬಾಯಾ ಕುಪ್ಪಸ ತೊಟ್ಟುಕೊಂಡೇ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಳು. "ಯಾರಾದ್ರೂ ತೆಗೆದು ನೋಡಿ ಚಳಿ ಕಳೀತಾರೆ. ನಾನಿಲ್ಲೇ ಇರ್ತೀನಿ."

ಒಳಗೆ ಗಾಮೆಲಾನ್ ವಾದ್ಯ ಶುರುವಾಯಿತು. ಕ್ಲಾತೆನ್‌ನ ಬಸ್ಸುಗಳಲ್ಲಿ ಒಂದು ದಾರಿಯಲ್ಲಿ ಕೆಟ್ಟಿತು. ಬು ಮುರ್ತಿನಿಂಗ್ ಹಿಂಬಾಗಿಲಿಗೂ ಮುಂಬಾಗಿಲಿಗೂ ಓಡಾಡಿದಳು. ಹೊತ್ತು ಏರಿತು, ತಗಡಿನ ಮಾಡು ಕಾದು ಟಿಕ್ ಟಿಕ್ ಎಂದಿತು. ಅವಳು ಪೆಟ್ಟಿಗೆ ನೋಡಿದಳು, ಅಜ್ಜಿಯನ್ನು ನೋಡಿದಳು, ನೆಲದ ಮೇಲೆ ನೀರಿಗಾಗಿ ಹುಡುಕಿದಳು. ನೆಲ ಒಣಗಿತ್ತು.

ಚಹಾ ಹೋಯಿತು. ಸೂಪ್ ಹೋಯಿತು. ಅನ್ನ ಹೋಯಿತು. ಹುಡುಗರು ಸಾಲು ನಿಂತರು. ಅಜ್ಜಿ ಎದ್ದಳು. ನಾರ್ಸೊ ಮುಚ್ಚಳ ತೆಗೆದ.

ತಣ್ಣನೆಯ ಬಿಳಿ ಉಸಿರೊಂದು ಪೆಟ್ಟಿಗೆಯಿಂದ ಎದ್ದು ಅಂಚು ದಾಟಿ ನೆಲಕ್ಕಿಳಿಯಿತು. ಗದ್ದಲ ಮಾಡುತ್ತಿದ್ದ ಹುಡುಗರು ಬಗ್ಗಿ ನೋಡಿದರು. ಚಮಚ ಸ್ವಲ್ಪ ತಡೆದು, ಇಳಿಯಿತು. ಬಿಳಿ ಐಸ್ ಉಂಡೆಯಾಗಿ ತಟ್ಟೆಗೆ ಬಿತ್ತು, ಕೂತಲ್ಲೇ ಕೂತಿತು. ಮೇಲೆ ಸಾಬಕ್ಕಿ, ಹಲಸಿನ ಚೂರು. ಒಂದು ತಟ್ಟೆ, ಇನ್ನೊಂದು, ಹತ್ತು, ನೂರು. ತಟ್ಟೆಗಳು ಕೈಯಿಂದ ಕೈಗೆ ಹಾರಿ ಒಳಗೆ ಹೋದವು. ಕಡೆಯ ಕೊಳಗದ ಐಸ್ ಕೂಡ ಮೊದಲನೆಯದರ ಹಾಗೇ ಇತ್ತು. ಅಜ್ಜಿ ಬಾಯಿಗೆ ಹೆಗಲ ಬಟ್ಟೆ ಒತ್ತಿಕೊಂಡಿದ್ದಳು.

ಬಾಗಿಲ ಪರದೆಯ ಸಂದಿಯಿಂದ ಮಂಟಪದ ಒಂದು ಮೂಲೆ ಕಾಣುತ್ತಿತ್ತು. ತುಕಿರಾನ್‌ನ ಕೈಗೂ ಒಂದು ತಟ್ಟೆ ಬಂತು. ಅವನು ತಿನ್ನಲಿಲ್ಲ. ಮೊದಲು ಇಡೀ ಸಭೆಯನ್ನು, ಸಾಲು ಸಾಲಾಗಿ, ಜನ ತಿನ್ನುವುದನ್ನು ನೋಡಿದ. ಮೂವತ್ತು ವರ್ಷ ಐಸ್ ಮಾಡಿದವನು, ಅದನ್ನು ಕುರ್ಚಿಯಲ್ಲಿ ಕೂತು ತಿನ್ನುವವರ ಮುಖಗಳನ್ನು ಕಂಡಿರಲಿಲ್ಲ. ಯಾವಾಗಲೂ ಹಿಂಬಾಗಿಲಿನಲ್ಲೇ ಇದ್ದವನು.

"ಏಯ್." ಬು ಮುರ್ತಿನಿಂಗ್ ಪೆಟ್ಟಿಗೆಯ ಬಳಿ ಬಂದು ನಿಂತಿದ್ದಳು. ಅವಳ ಹಿಂದೆ ಬಡಿಸುವ ಹುಡುಗರು, ಪಾತ್ರೆ ತೊಳೆಯುವ ಹೆಂಗಸರು. ಅವಳು ಹಲಗೆಯೊಂದನ್ನು ಉಗುರಿನಿಂದ ತಟ್ಟಿದಳು. "ಒಳಗೆ ಏನು ತುಂಬಿದ್ದೀಯ?"

ನಾರ್ಸೊ ಚಮಚ ಒರೆಸುತ್ತಿದ್ದ.

"ಉಪ್ಪಾ? ಏನಾದ್ರೂ ಮದ್ದಾ? ಹೇಳು ಪರವಾಗಿಲ್ಲ. ನನ್ನ ಹತ್ರ ದೊಡ್ಡ ಫ್ರೀಜರ್ ಮೂರಿವೆ. ಈ ಹಲಗೆ ಒಂದಿದ್ರೆ ಮುದುಕನ ಕೈಯೇ ಬೇಡ. ವಾರ ಮೊದಲೇ ನನ್ನ ಹುಡುಗರ ಕೈಲಿ ತಿರುಗಿಸಿ ಇಡ್ತೀನಿ. ನಿನ್ನನ್ನ ಅದಕ್ಕೆ ಮೇಸ್ತ್ರಿ ಮಾಡ್ತೀನಿ. ಓದಿಲ್ಲ, ಬರೆದಿಲ್ಲ, ಎಷ್ಟು ದಿನ ಅಂತ ಗಾಡಿ ತುಳೀತೀಯ? ನಿನ್ನಂಥೋನಿಗೆ ಇನ್ಯಾರು ಕೊಡ್ತಾರೆ ಕೆಲಸ?"

ಹುಡುಗರು ಅವನ ಬಾಯನ್ನೇ ನೋಡಿದರು. ಏಳು ವಾರದ ಹಿಂದೆ ಆ ಬಾಯಿ ಏನೆಂದಿತ್ತೆಂದು ಎಲ್ಲರಿಗೂ ನೆನಪಿತ್ತು. ಅಜ್ಜಿಯೂ ತಲೆಯೆತ್ತಿ ನೋಡಿದಳು. ನಾಲಗೆಯ ತುದಿಯಲ್ಲಿ ನಾಲ್ಕಾರು ಉತ್ತರಗಳು ಒಟ್ಟಿಗೆ ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಖಾರ.

ಒಳಗೆ ಕುರ್ಚಿಗಳು ಸರಿದ ಸದ್ದು. ಜನ ಏಳುತ್ತಿದ್ದರು. ಬಾಗಿಲಲ್ಲಿ ಕೈಮುಗಿದು ಬೀಳ್ಕೊಡಲು ಅಪ್ಪ, ಅಮ್ಮ, ಮದುಮಕ್ಕಳು ಬಂದು ನಿಲ್ಲುವ ಹೊತ್ತು. ಬೆಳಗಿನಿಂದ ಹಿಂಬಾಗಿಲಿನಲ್ಲೇ ಇದ್ದ ಅವನು ಅಂಬಾರ್ ಮದುಮಗಳಾದದ್ದನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ.

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. ಅಜ್ಜಿ ಹೋಗಿ ಅದರ ಮೇಲೆ ಕೂತಳು.

"ಕೇಳಿಸ್ತಾ? ಏನಿದೆ ಒಳಗೆ ಅಂದೆ!"

ನಾರ್ಸೊ ಚಮಚವನ್ನು ಅಂಗಿಯ ಜೇಬಿಗೆ ಸಿಕ್ಕಿಸಿ, ಹುಡುಗರ ಸಾಲನ್ನು ದಾಟಿ, ಪರದೆ ಸರಿಸಿ, ಮುಂಬಾಗಿಲಿನ ಕಡೆ ನಡೆದುಹೋದ.